ಕಾಲಿಗೊಂದು ಮೆಟ್ಟುಕತ್ತಿ

ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಮನೆಯ ಜಗಲಿಯಲ್ಲಿ ಕೂತು ಐಸ್ ಸ್ಕೇಟಿನ ಪೆಟ್ಟಿಗೆ ಬಿಚ್ಚಿದಾಗ ಅತ್ತೆಯ ಕಣ್ಣು ಮೊದಲು ಹೋದದ್ದು ಬ್ಲೇಡಿನ ಮೇಲೆ. "ಇದೆಂತ ಮಾರಾಯ್ತಿ, ಮೆಟ್ಟುಕತ್ತಿಗೆ ಬೂಟು ಹೊಲಿಸಿದ್ದಾ?" ಅಂದರು. ಕಾಲಲ್ಲಿ ಮೆಟ್ಟಿ ಹಿಡಿದು ತರಕಾರಿ ಕೊಯ್ಯುವ ಈಳಿಗೆಗೆ ನಮ್ಮಲ್ಲಿ ಮೆಟ್ಟುಕತ್ತಿ ಅನ್ನುತ್ತಾರೆ. ಅಲ್ಲ ಅಂತ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಮೆಟ್ಟುವ ಕತ್ತಿಯೇ ಅದು.

ಐಸ್ ಮೇಲೆ ನಾನು ಮೊದಲು ಕಾಲಿಟ್ಟದ್ದು 2004ರಲ್ಲಿ, ಮದುವೆಯಾಗಿ ದುಬೈಗೆ ಹೋದ ಹೊಸತರಲ್ಲಿ. ಊದ್ ಮೇಥಾದಲ್ಲಿ ಅಲ್ ನಾಸರ್ ಲೀಶರ್‌ಲ್ಯಾಂಡ್ ಅಂತ ಹಳೆಯ ಜಾಗ ಉಂಟು, ಅದರೊಳಗೆ ಒಂದು ಐಸ್ ರಿಂಕ್, ಅಂದರೆ ಸ್ಕೇಟ್ ಹಾಕಿ ಜಾರುವ ಮಂಜಿನ ಅಂಗಳ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಸ್ವೆಟರ್. ಮೂರು ವರ್ಷ ಹೋದೆ. ಮುಂದೆ ಜಾರುವುದು, ಹಿಂದೆ ಜಾರುವುದು, ಒಂದೇ ಕಾಲಲ್ಲಿ ತಿರುಗುವ ತ್ರೀ ಟರ್ನ್, ಎರಡು ಕಾಲಿನ ಸ್ಪಿನ್, ಇಷ್ಟು ಬಂದಿತ್ತು. ಎಲ್ಲವೂ ಬಾಡಿಗೆಯ ಸ್ಕೇಟಿನಲ್ಲೇ. 2007ರಲ್ಲಿ ಬಾಣಂತನಕ್ಕೆ ಊರಿಗೆ ಬಂದವಳು ಇಲ್ಲೇ ಉಳಿದೆ. ಮರುವರ್ಷ ದುಬೈ ಮಾಲ್ ತೆರೆದು ಅಲ್ಲಿ ಒಲಿಂಪಿಕ್ ಅಳತೆಯ ರಿಂಕ್ ಬಂತು ಅಂತ ನಮ್ಮವರು ಫೋನಿನಲ್ಲಿ ಹೇಳಿದಾಗ ನಾನು ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ.

2023ರಲ್ಲಿ ಮಗಳು ಮಂಗಳೂರಿನ ಹಾಸ್ಟೆಲ್ ಸೇರಿದಳು. ಆಮೇಲೆ ನನ್ನದು ಕೆಲವು ತಿಂಗಳು ದುಬೈಯಲ್ಲಿ, ಕೆಲವು ತಿಂಗಳು ಇಲ್ಲಿ. ಸ್ಕೇಟಿಂಗ್ ಮತ್ತೆ ಶುರು ಮಾಡುವುದೆಂದು ತೀರ್ಮಾನ ಮಾಡಿದೆ. ವಯಸ್ಸು 43, ತೂಕ 68 ಕೆ.ಜಿ.

ಮೊದಲ ತಪ್ಪು ಮಾಡಿದ್ದು ಇದೇ ಜಗಲಿಯಲ್ಲಿ ಕೂತು. ಹೊರಡುವ ಮೊದಲೇ ಸ್ವಂತ ಸ್ಕೇಟ್ ಬೇಕು ಅನಿಸಿ ಆನ್‌ಲೈನಿನಲ್ಲಿ ಒಂದು ಬಿಳಿ ಜೋಡಿ ತರಿಸಿದೆ. ಚಪ್ಪಲಿಯ ನಂಬರು 39. ದಪ್ಪ ಕಾಲುಚೀಲ ಹಾಕಬೇಕಲ್ವಾ ಅಂತ ಯೋಚಿಸಿ 40 ತೆಗೆದುಕೊಂಡೆ. ಮನೆಯಲ್ಲಿ ಹಾಕಿ ನೋಡಿದಾಗ ಹಾಯಾಗಿತ್ತು. ಆಗಲೇ ಅನುಮಾನ ಬರಬೇಕಿತ್ತು. ಹೊಸ ಸ್ಕೇಟ್ ಮೊದಲ ದಿನವೇ ಹಾಯಾಗಿದ್ದರೆ ಅದು ದೊಡ್ಡದಾಗಿದೆ ಎಂದೇ ಲೆಕ್ಕ.

ರಿಂಕಿನಲ್ಲಿ ಅದರ ಬಣ್ಣ ಬಯಲಾಯಿತು. ಮೊಣಕಾಲು ಮಡಚಿದ ಕೂಡಲೇ ಹಿಮ್ಮಡಿ ಬೂಟಿನೊಳಗೆ ಮೇಲೇಳುತ್ತಿತ್ತು. ಕಾಲು ಒಂದು ಕಡೆ, ಬ್ಲೇಡು ಇನ್ನೊಂದು ಕಡೆ. ಅದನ್ನು ತಡೆಯಲು ಲೇಸು ಬಿಗಿದೆ, ಇನ್ನೂ ಬಿಗಿದೆ. ಹತ್ತು ನಿಮಿಷದಲ್ಲಿ ಬೆರಳು ಜೋಮು ಹಿಡಿಯಿತು. ಬೂಟು ಮೆದುವಾದದ್ದರಿಂದ ಕಾಲಗಂಟು ಒಳಕ್ಕೆ ವಾಲುತ್ತಿತ್ತು. ಹಿಮ್ಮಡಿಯಲ್ಲಿ ಎರಡು ಬೊಕ್ಕೆ. ನನ್ನ ಕಾಲಿನ ಶಕ್ತಿಯೇ ಹೋಗಿದೆ ಅಂದುಕೊಂಡು ಒಂದು ವಾರ ಬೇಜಾರಿನಲ್ಲಿದ್ದೆ. ಶಕ್ತಿ ಸ್ವಲ್ಪ ಹೋಗಿತ್ತು, ಸುಳ್ಳಲ್ಲ. ಆದರೆ ಜಾಸ್ತಿ ತೊಂದರೆ ಕೊಟ್ಟದ್ದು ಬೂಟು.

ಹಾಗಾಗಿ ಎರಡನೇ ಸಲ ಅಳತೆಯಿಂದ ಶುರು ಮಾಡಿದೆ. ಗೋಡೆಗೆ ತಾಗಿಸಿ ಒಂದು ಕಾಗದ, ಅದರ ಮೇಲೆ ಕಾಲು, ಹಿಮ್ಮಡಿ ಗೋಡೆಗೆ ಮುಟ್ಟಿರಬೇಕು. ಭಾರವೆಲ್ಲ ಆ ಕಾಲಿನ ಮೇಲಿರಬೇಕು. ನಾವೇ ಬಗ್ಗಿ ಗೀಚಿದರೆ ಅಳತೆ ತಪ್ಪುತ್ತದೆ, ಬೇರೆಯವರು ಪೆನ್ಸಿಲು ಹಿಡಿಯಬೇಕು. ಸಂಜೆ ಅಳೆದರೆ ಒಳ್ಳೆಯದು, ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ. ನನ್ನ ಬಲಗಾಲು 241 ಮಿಲಿಮೀಟರ್, ಎಡಗಾಲು 237. ಎರಡು ಕಾಲೂ ಒಂದೇ ಅಳತೆ ಇರುವವರು ಕಡಿಮೆ. ದೊಡ್ಡ ಕಾಲಿಗೆ ಬೂಟು ನೋಡಬೇಕು, ಸಣ್ಣದಕ್ಕೆ ಒಳಗೆ ತೆಳ್ಳಗೆ ಏನಾದರೂ ಕೊಟ್ಟು ಸರಿಮಾಡಬಹುದು.

ಈ ಮಿಲಿಮೀಟರ್ ಬಹಳ ಮುಖ್ಯ. ಇಟಲಿಯ ಎಡಿಯಾ ಬೂಟುಗಳಿಗೆ ಮಿಲಿಮೀಟರೇ ಸೈಜು. ಕೆನಡಾದ ಜ್ಯಾಕ್ಸನ್, ಅಮೆರಿಕದ ರೀಡೆಲ್ ಇವುಗಳಿಗೆ ಅವರವರದೇ ಪಟ್ಟಿ ಇರುತ್ತದೆ, ಒಂದರ ನಂಬರು ಇನ್ನೊಂದಕ್ಕೆ ಹೊಂದುವುದಿಲ್ಲ. ಚಪ್ಪಲಿ ನಂಬರಿಗಿಂತ ಸ್ಕೇಟಿನ ನಂಬರು ಸಾಮಾನ್ಯವಾಗಿ ಒಂದು, ಒಂದೂವರೆ ಕಡಿಮೆಯೇ ಬರುತ್ತದೆ. ನಾನು ಒಂದು ಜಾಸ್ತಿ ತೆಗೆದುಕೊಂಡಿದ್ದೆ!

ಅಳತೆಯಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಉದ್ದ ಸರಿ, ಅಗಲವೇ ಬೇರೆ. ಕಾಗದದ ಮೇಲೆ ನನ್ನ ಪಾದ ಬೀಸಣಿಗೆಯ ಹಾಗೆ ಕಾಣುತ್ತಿತ್ತು. ಹಿಮ್ಮಡಿ ಸಪೂರ, ಬೆರಳಿನ ಹತ್ತಿರ ಅಗಲ. ತೋಟದಲ್ಲಿ ಬರಿಗಾಲಿನಲ್ಲಿ, ಉಳಿದ ಹೊತ್ತು ಹವಾಯಿ ಚಪ್ಪಲಿಯಲ್ಲಿ ಬೆಳೆದ ಕಾಲು. ಅದಕ್ಕೆ ಯಾರೂ ಗೋಡೆ ಕಟ್ಟಿರಲಿಲ್ಲ, ಅದು ಬೇಕಾದ ಹಾಗೆ ಹರಡಿತ್ತು. ನಮ್ಮ ಕಡೆಯ ಎಷ್ಟೋ ಜನರದ್ದು ಹೀಗೇ. ಇಂಥವರು ಅಗಲಕ್ಕಾಗಿ ಉದ್ದದ ಸೈಜು ಏರಿಸುತ್ತಾರೆ, ಹಿಮ್ಮಡಿ ಸಡಿಲವಾಗುತ್ತದೆ. ಮಾಡಬೇಕಾದದ್ದು ಅದೇ ಉದ್ದದಲ್ಲಿ ವೈಡ್ ಕೇಳುವುದು. ಒಳ್ಳೆಯ ಬೂಟುಗಳಲ್ಲಿ ನ್ಯಾರೋ, ಮೀಡಿಯಂ, ವೈಡ್ ಅಂತ ಬೇರೆ ಬೇರೆ ಅಗಲ ಸಿಗುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ.

ದುಬೈಯಲ್ಲಿ ಸ್ಕೇಟ್ ಮಾರುವ ಅಂಗಡಿಗೆ ಆ ಕಾಗದವನ್ನೇ ಮಡಚಿ ಕೊಂಡುಹೋದೆ. ಅಲ್ಲಿನ ಹುಡುಗ ಕಾಗದ ನೋಡಿ, ನನ್ನನ್ನು ನೋಡಿ, ಮೊದಲು ತೂಕ ಕೇಳಿದ. ಸ್ವಲ್ಪ ಸಿಟ್ಟು ಬಂತು. ಆದರೆ ಅವನು ಕೇಳಿದ್ದು ಸರಿ. ಬೂಟಿನ ಗಡಸುತನ ನೋಡುವುದು ಆಟದ ಮಟ್ಟದ ಜೊತೆಗೆ ಮೈಭಾರದ ಮೇಲೂ. ಎಂಟು ವರ್ಷದ ಹುಡುಗಿಗೆ ಸಾಕಾಗುವ ಬೂಟು 68 ಕೆ.ಜಿ.ಯ ಹೆಂಗಸಿಗೆ ಕೆಲವೇ ತಿಂಗಳಲ್ಲಿ ಕಾಲಗಂಟಿನ ಹತ್ತಿರ ಮಡಿಕೆ ಬಿದ್ದು ಕುಸಿಯುತ್ತದೆ. ಹಾಗಂತ ಅತಿ ಗಡಸೂ ಬೇಡ. ಎರಡು ಮೂರು ಸುತ್ತು ಹಾರುವವರಿಗೆ ಮಾಡಿದ ಬೂಟಿನಲ್ಲಿ ನಮ್ಮಂಥವರಿಗೆ ಕಾಲಗಂಟು ಬಗ್ಗುವುದೇ ಇಲ್ಲ. ಗಂಟು ಬಗ್ಗದಿದ್ದರೆ ಮೊಣಕಾಲು ಮಡಚುವುದಿಲ್ಲ, ಮೊಣಕಾಲು ಮಡಚದಿದ್ದರೆ ಐಸ್ ಮೇಲೆ ನಾವು ಒನಕೆ. ನನಗೆ ಅಲ್ಲೇ ಶೋಕೇಸಿನಲ್ಲಿದ್ದ ಒಂದು ದುಬಾರಿ ಬೂಟಿನ ಮೇಲೆ ಕಣ್ಣಿತ್ತು. 2007ರಲ್ಲಿ ನಿಲ್ಲಿಸದೇ ಇದ್ದಿದ್ದರೆ ಇಷ್ಟರಲ್ಲಿ ಆ ಮಟ್ಟಕ್ಕೆ ಬರುತ್ತಿದ್ದೆ ಅಂತ ಮನಸ್ಸಿನಲ್ಲಿ ಲೆಕ್ಕ. ಬಿಟ್ಟ ವರ್ಷಗಳಿಗೂ ಸೇರಿಸಿ ಬೂಟು ಕೊಳ್ಳಲು ಹೊರಟಿದ್ದೆ, ನೋಡಿ.

ಮೂರು ಜೋಡಿ ಹಾಕಿ ನೋಡಿದೆ. ಹಾಕುವಾಗ ತೆಳ್ಳಗಿನ ಕಾಲುಚೀಲ. ದಪ್ಪದ್ದು ಬೆಚ್ಚಗಿಡುವುದಿಲ್ಲ, ಒಳಗೆ ಕಾಲು ಜಾರುವ ಹಾಗೆ ಮಾಡುತ್ತದೆ ಅಷ್ಟೇ. ಕಾಲು ತೂರಿಸಿ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸು. ನೇರ ನಿಂತಾಗ ಹೆಬ್ಬೆರಳು ಮುಂದಕ್ಕೆ ಮೆಲ್ಲಗೆ ತಾಗಬೇಕು. ಮೊಣಕಾಲು ಮಡಚಿದಾಗ ಅದು ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಅಲುಗಬಾರದು. ಬೆರಳು ಆಡಿಸಲು ಬರಬೇಕು, ಮಡಚಿಕೊಂಡಿರಬಾರದು. ಒಂದೊಂದು ಜೋಡಿಯಲ್ಲೂ ಇಪ್ಪತ್ತು ನಿಮಿಷ ನಿಂತೆ. ಐದು ನಿಮಿಷದಲ್ಲಿ ಎಲ್ಲ ಬೂಟೂ ಒಳ್ಳೆಯದೇ. ಹದಿನೈದನೇ ನಿಮಿಷಕ್ಕೆ ಮೊದಲನೆಯದು ಕಿರುಬೆರಳನ್ನು ಹಿಂಡತೊಡಗಿತು, ಎರಡನೆಯದರಲ್ಲಿ ಹಿಮ್ಮಡಿ ಎದ್ದಿತು. ಮೂರನೆಯದು ಜ್ಯಾಕ್ಸನ್ ಫ್ರೀಸ್ಟೈಲ್, ವೈಡ್. ಒಳಗಂಟಿನ ಮೂಳೆಗೆ ಮಾತ್ರ ಸ್ವಲ್ಪ ಒತ್ತುತ್ತಿತ್ತು. ಹುಡುಗ ಬೂಟನ್ನು ಬಿಸಿ ಮಾಡಿ, ಬಿಸಿ ಇರುವಾಗಲೇ ನನ್ನ ಕಾಲಿಗೆ ಹಾಕಿ ಲೇಸು ಕಟ್ಟಿ ಕೂರಿಸಿದ. ಆರಿದ ಮೇಲೆ ಒತ್ತುವುದು ಅರ್ಧ ಕಡಿಮೆಯಾಗಿತ್ತು.

ಬ್ಲೇಡು ಅದರ ಜೊತೆಗೇ ಬಂತು. ಶುರು ಮಾಡುವವರು ಬ್ಲೇಡಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ದುಡ್ಡು ಸೀಮಿತವಾಗಿದ್ದರೆ ಅದನ್ನು ಬೂಟಿಗೇ ಹಾಕಬೇಕು. ಎಲ್ಲ ಸೇರಿ 1,200 ದಿರ್ಹಾಮ್ ಹತ್ತಿರ ಆಯಿತು, ನಮ್ಮ ಲೆಕ್ಕದಲ್ಲಿ 27 ಸಾವಿರ ಅನ್ನಿ. ಅತ್ತೆಗೆ ಈ ಲೆಕ್ಕ ಇನ್ನೂ ಹೇಳಿಲ್ಲ.

ಹೊಸ ಬೂಟು ಪಳಗಲು ಸಮಯ ಬೇಕು. ಮೊದಲ ಕೆಲವು ದಿನ ಅರ್ಧ ಗಂಟೆ ಮಾತ್ರ, ಮೇಲಿನ ಕೊಕ್ಕೆ ಬಿಟ್ಟು ಲೇಸು. ಲೇಸಿನ ಗುಟ್ಟು ಗೊತ್ತಾಗಲು ನನಗೆ ತಿಂಗಳೇ ಬೇಕಾಯಿತು. ಬೆರಳಿನ ಹತ್ತಿರ ಸಡಿಲ, ಪಾದ ಮೇಲಕ್ಕೆ ತಿರುಗುವ ಮಡಿಕೆಯಲ್ಲಿ ಬಿಗಿ, ಎಲ್ಲಕ್ಕಿಂತ ಮೇಲೆ ಮತ್ತೆ ಒಂದು ಬೆರಳು ತೂರುವಷ್ಟು ಸಡಿಲ. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡಿ ಬೆಳೆದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಎಲ್ಲ ಕಡೆ ಒಂದೇ ಬಿಗಿ ಕಟ್ಟಿದರೆ ದಿಗಿಣ ಹಾರುವವರು ಯಾರು?

ಬೇಸಗೆಯ ಕೊನೆಗೆ ಸ್ಕೇಟ್ ಹೊತ್ತುಕೊಂಡು ಊರಿಗೆ ಬಂದೆ. ಅಂಗಡಿಯಲ್ಲಿ ಯಾರೂ ಹೇಳಿಕೊಡದ ಪಾಠ ಶುರುವಾದದ್ದು ಇಲ್ಲಿ. ಜೂನ್ ತಿಂಗಳಲ್ಲಿ ಬದಿಯಡ್ಕದಲ್ಲಿ ಬೆಲ್ಟು, ಬ್ಯಾಗು ಎಲ್ಲದಕ್ಕೂ ಬೂಸ್ಟು ಬರುತ್ತದೆ. ಬ್ಲೇಡಿಗೆ ತುಕ್ಕು ಬರಲು ಎರಡು ದಿನ ಸಾಕು. ನಡೆಯುವಾಗ ಹಾಕುವ ಪ್ಲಾಸ್ಟಿಕ್ ಗಾರ್ಡಿನಲ್ಲೇ ಬ್ಲೇಡು ಇಟ್ಟರೆ ಒಳಗೆ ನೀರಿನ ಪಸೆ ನಿಂತು ಅಲ್ಲೇ ತುಕ್ಕು. ಎತ್ತಿಡುವುದಕ್ಕೆ ಬಟ್ಟೆಯ ಕವರು ಬೇಕು, ನಾನು ಹಳೆ ಟವೆಲಿನಿಂದ ಹೊಲಿದುಕೊಂಡೆ. ಬ್ಲೇಡಿಗೆ, ಸ್ಕ್ರೂಗಳಿಗೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ. ತೆಂಗಿನೆಣ್ಣೆ ಹಚ್ಚು ಅಂದರು ಅತ್ತೆ. ಅದು ಅಂಟಾಗುತ್ತದೆ ಅಂತ ಒಪ್ಪಿಸಲು ಅರ್ಧ ದಿನ ಹೋಯಿತು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಬೂಸ್ಟು ಬರುವುದಿಲ್ಲ ನಿಜ, ಆದರೆ ಬಿಸಿಗೆ ಆಕಾರ ಬದಲಿಸುವ ಬೂಟನ್ನು ಅಲ್ಲಿಡಲು ಧೈರ್ಯ ಸಾಲಲಿಲ್ಲ. ಲೇಸು ಪೂರಾ ಬಿಚ್ಚಿ, ನಾಲಿಗೆ ಹೊರಗೆಳೆದು, ಒಳಗೆ ಪೇಪರು ತುರುಕಿ ಕಪಾಟಿನ ಮೇಲೆ ಇಟ್ಟಿದ್ದೇನೆ. ವಾರಕ್ಕೊಮ್ಮೆ ಪೇಪರು ಬದಲಿ.

ಭಾವನ ಸಲಹೆ ಇನ್ನೂ ಅಪಾಯದ್ದು. ಕತ್ತಿ ಮಸೆಯುವವರು ಬಂದಿದ್ದಾರೆ, ನಿನ್ನದನ್ನೂ ಕೊಡು ಅಂದರು. ಎತ್ತಿಕೊಂಡು ಒಳಗೆ ಓಡಿದೆ. ಸ್ಕೇಟಿನ ಬ್ಲೇಡಿಗೆ ಕತ್ತಿಯ ಹಾಗೆ ಒಂದು ಬಾಯಿ ಇಲ್ಲ. ಸುಮಾರು 4 ಮಿಲಿಮೀಟರ್ ದಪ್ಪದ ಪಟ್ಟಿ, ಅದರ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಹಳ್ಳ, ಹಳ್ಳದ ಎರಡು ದಂಡೆಗಳೇ ಒಳ ಎಡ್ಜು, ಹೊರ ಎಡ್ಜು. ಆ ಹಳ್ಳ ಅರ್ಧ ಇಂಚು ತ್ರಿಜ್ಯದ ವೃತ್ತದ ತುಣುಕಿನಂತೆ ಇರುವುದು ಸಾಮಾನ್ಯ. ಕತ್ತಿಯ ಹಾಗೆ ಮಸೆದರೆ ಹಳ್ಳವೇ ಹೋಯಿತು. ಮುಂದಿನ ಹಲ್ಲುಗಳನ್ನು, ಅಂದರೆ ಟೋ ಪಿಕ್ಕನ್ನು, ಯಾರಾದರೂ ಉಜ್ಜಿ ನಯ ಮಾಡಿದರೆ ಕತೆ ಮುಗಿಯಿತು. ಇಪ್ಪತ್ತು, ಮೂವತ್ತು ಗಂಟೆ ಸ್ಕೇಟ್ ಮಾಡಿದ ಮೇಲೆ ಗೊತ್ತಿದ್ದವರ ಹತ್ತಿರ ಸಾಣೆ ಹಿಡಿಸಬೇಕು. ಗಂಟೆಯ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ.

ಈ ಮಳೆಗಾಲ ಇಲ್ಲೇ. ವಾರಕ್ಕೊಮ್ಮೆ, ಪೇಪರು ಬದಲಿಸುವ ದಿನ, ಬೂಟು ಹಾಕಿ ಗಾರ್ಡು ಸಿಕ್ಕಿಸಿ ಜಗಲಿಯಲ್ಲಿ ನಿಲ್ಲುತ್ತೇನೆ, ಮೊಣಕಾಲು ಮಡಚಿ ಎದ್ದು ಮಾಡುತ್ತೇನೆ. ಕಾವಿ ನೆಲಕ್ಕೆ ಗೀರು ಬಿದ್ದರೆ ಅತ್ತೆ ಬಿಡುವುದಿಲ್ಲ, ಹಾಗಾಗಿ ಕೆಳಗೆ ಗೋಣಿ. ಮೊನ್ನೆ ಅವರು ಪಕ್ಕದಲ್ಲೇ ಕೂತು ಮೆಟ್ಟುಕತ್ತಿಯಲ್ಲಿ ಹಲಸಿನಕಾಯಿ ಕೊಯ್ಯುತ್ತಿದ್ದರು. ಕತ್ತಿಗೆ ಎಣ್ಣೆ ಸವರುತ್ತಾ ನನ್ನ ಕಾಲಿನ ಕಡೆ ನೋಡಿ, "ನಿನ್ನದು ಹರಿತ ಉಂಟಾ?" ಅಂತ ಕೇಳಿದರು.

"ಇನ್ನು ಒಂಬತ್ತು ಗಂಟೆಗೆ ಉಂಟು ಅತ್ತೆ," ಅಂದೆ.