ಹಳೇ ಬುಲೆಟ್ ಎಣ್ಣೆ ಸೋರುತ್ತಿದೆಯೇ? ಚೈನ್ ಕೇಸ್ ನಟ್ ತಿರುಗಿಸುವ ಮುಂಚೆ ಇದನ್ನು ಓದಿ

ಹಳೇ ಸಿಐ (ಕಾಸ್ಟ್ ಐರನ್, ಅಂದರೆ ಎರಕದ ಕಬ್ಬಿಣದ) ಎಂಜಿನ್‌ನ ರಾಯಲ್ ಎನ್‌ಫೀಲ್ಡ್ ಬುಲೆಟ್ ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಕಲೆ ಕಂಡರೆ ಸಾಕು, ಎಷ್ಟೋ ಜನ ಸ್ಪ್ಯಾನರ್ ಹಿಡಿದು ಎಡಗಡೆ ಚೈನ್ ಕೇಸ್‌ನ (ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಪ್ರೈಮರಿ ಚೈನ್ ಇರುವ ಪೆಟ್ಟಿಗೆ, ಕ್ಲಚ್ ಕೂಡ ಇದರೊಳಗೇ) ನಡುವಿನ ನಟ್ ಬಿಗಿ ಮಾಡುತ್ತಾರೆ. ಸೋರುವುದು ನಿಲ್ಲದಿದ್ದರೆ ಇನ್ನೊಂದು ಸುತ್ತು. ಇಡೀ ಅಲ್ಯೂಮಿನಿಯಂ ಕವರ್ ಅದೊಂದೇ ನಟ್ ಮೇಲೆ ನಿಂತಿದೆ. ಬಲ ಜಾಸ್ತಿಯಾದರೆ ಕವರ್ ಸೊಟ್ಟಗಾಗಿ ಅಂಚು ಬಿಟ್ಟುಕೊಳ್ಳುತ್ತದೆ. ಚೆನ್ನಾಗಿದ್ದ ಎಷ್ಟೋ ಕವರ್‌ಗಳು ಹೀಗೇ ಹಾಳಾಗಿರುವುದನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಗಾಡಿಯಲ್ಲಿ ಎಂಜಿನ್, ಪ್ರೈಮರಿ ಚೈನ್ ಕೇಸ್, ಗೇರ್‌ಬಾಕ್ಸ್ ಮೂರಕ್ಕೂ ಎಣ್ಣೆ ಬೇರೆ ಬೇರೆ. ಯಾವುದು ಸೋರುತ್ತಿದೆ ಅಂತ ಗೊತ್ತಾಗುವ ತನಕ ಏನನ್ನೂ ಬಿಚ್ಚಬೇಡಿ.

ಮೊದಲು ಎಂಜಿನ್ ಕೆಳಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಮುಖಕ್ಕೆ ಹಚ್ಚುವ ಪೌಡರನ್ನೇ ಧಾರಾಳವಾಗಿ ಉದುರಿಸಿ, ಒಂದು ಸುತ್ತು ಹೋಗಿ ಬನ್ನಿ. ಪೌಡರ್ ಮೇಲೆ ಒದ್ದೆ ಗೆರೆ ಎಲ್ಲಿ ಶುರುವಾಗಿದೆ ನೋಡಿ. ಎಣ್ಣೆ ಹನಿಯುವ ಜಾಗ ಮುಖ್ಯವಲ್ಲ, ಹುಟ್ಟುವ ಜಾಗ ಮುಖ್ಯ.

ಗೆರೆ ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಕಡೆಯಿಂದ ಬಂದಿದ್ದರೆ ತಪ್ಪು ಚೈನ್ ಕೇಸ್‌ದಲ್ಲ. ಬುಲೆಟ್‌ನಲ್ಲಿ ಎಣ್ಣೆ ಟ್ಯಾಂಕ್ ಕ್ರ್ಯಾಂಕ್‌ಕೇಸ್‌ನ, ಅಂದರೆ ಕ್ರ್ಯಾಂಕ್ ತಿರುಗುವ ಎಂಜಿನ್ ಕೆಳಪೆಟ್ಟಿಗೆಯ, ಹಿಂಭಾಗದಲ್ಲೇ ಇದೆ. ಗಾಡಿ ದಿನಗಟ್ಟಲೆ ನಿಂತರೆ ಆ ಎಣ್ಣೆ ಪಂಪ್ ಮೂಲಕ ಕ್ರ್ಯಾಂಕ್ ಕಡೆಗೆ ಇಳಿಯುತ್ತದೆ. ಬೆಳಿಗ್ಗೆ ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ನೋಡಿದವರು ಎಣ್ಣೆ ಕಮ್ಮಿ ಅಂದುಕೊಂಡು ಮತ್ತಷ್ಟು ಸುರಿಯುತ್ತಾರೆ. ಸ್ಟಾರ್ಟ್ ಮಾಡಿದ ಮೇಲೆ ಹೆಚ್ಚಾಗಿದ್ದೆಲ್ಲ ಬ್ರೀದರ್‌ನಿಂದ ಹೊರಗೆ ಬರುತ್ತದೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬೇರೆ. ಎಂಜಿನ್ ಬಿಸಿಯಾಗುವ ತನಕ ಓಡಿಸಿ, ನಿಲ್ಲಿಸಿದ ಕೂಡಲೇ ಲೆವೆಲ್ ನೋಡಿ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ, ಕಿಕ್ ಹೊಡೆಯುವ ಮುಂಚೆ ಕ್ರ್ಯಾಂಕ್ ಕಡೆಯ ಡ್ರೇನ್ ಪ್ಲಗ್ ಬಿಚ್ಚಿ ಎಣ್ಣೆ ಇಳಿಸಿ. ಶುದ್ಧವಾಗಿದ್ದರೆ ಮತ್ತೆ ಎಣ್ಣೆ ಟ್ಯಾಂಕಿಗೇ ಹಾಕಬಹುದು.

ಗೆರೆ ಚೈನ್ ಕೇಸ್ ಅಂಚಿನಿಂದಲೇ ಬಂದಿದ್ದರೆ ಈಗ ಬಿಚ್ಚಿ. ಎಡ ಫುಟ್‌ರೆಸ್ಟ್, ಬ್ರೇಕ್ ಪೆಡಲ್, ಕೆಳಗೊಂದು ಟ್ರೇ, ಆಮೇಲೆ ನಟ್. ಟ್ರೇಗೆ ಬಿದ್ದ ಎಣ್ಣೆ ಚೆಲ್ಲಬೇಡಿ, ಅಳೆದು ನೋಡಿ. ನೀವು ಹಾಕಿದ್ದಕ್ಕಿಂತ ಜಾಸ್ತಿ ಇದ್ದು, ಎಂಜಿನ್‌ನಲ್ಲಿ ಅಷ್ಟೇ ಕಮ್ಮಿಯಾಗಿದ್ದರೆ, ಎಂಜಿನ್ ಸ್ಪ್ರಾಕೆಟ್ ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದು ಅನುಮಾನಿಸಬೇಕು. ಕವರ್‌ಗೆ ಎಷ್ಟೇ ಹೊಸ ರಬ್ಬರ್ ಹಾಕಿದರೂ ಅದು ಸರಿಹೋಗುವುದಿಲ್ಲ.

ಬಿಚ್ಚಿದ ಮೇಲೆ ಚೈನನ್ನೂ ನೋಡಿಬಿಡಿ. ಎಂಜಿನ್ ನಿಧಾನ ತಿರುಗಿಸುತ್ತಾ ಚೈನ್ ಅತಿ ಬಿಗಿಯಿರುವ ಜಾಗ ಹುಡುಕಿ. ಅಲ್ಲಿ ಕಾಲು ಇಂಚು, ಅಂದರೆ ಸುಮಾರು 6 ಮಿ.ಮೀ. ಆಟ (ಮೇಲೆ ಕೆಳಗೆ ಅಲುಗಾಡುವಷ್ಟು ಸಡಿಲ) ಇರಲೇಬೇಕು. ಸಡಿಲ ಜಾಗದಲ್ಲಿ ಅಳೆದು ಬಿಗಿ ಮಾಡಿದರೆ ಬೇರಿಂಗ್‌ಗೆ ಪೆಟ್ಟು.

ಇನ್ನು ಎಲ್ಲರೂ ಎಡವುವ ಕೆಲಸ, ರಬ್ಬರ್ ಸೀಲ್ ಕೂರಿಸುವುದು. ಎಣ್ಣೆಯಲ್ಲಿ ನೆನೆದ ಹಳೇ ಸೀಲ್ ಊದಿ ಉದ್ದವಾಗಿರುತ್ತದೆ. ಸೀಲ್ ಕೂರುವ ಗ್ರೂವ್‌ನಲ್ಲಿ (ತೋಡಿನಲ್ಲಿ) ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದೇಳುತ್ತದೆ. ಅದನ್ನು ಮತ್ತೆ ಹಾಕಬೇಡಿ. ತೀರಾ ಅಗ್ಗದ, ಗಟ್ಟಿ ಪ್ಲಾಸ್ಟಿಕ್‌ನಂಥ ಸೀಲೂ ಬೇಡ. ಬೆರಳಲ್ಲಿ ಒತ್ತಿದರೆ ತಗ್ಗಿ ತಕ್ಷಣ ಮೇಲೇಳುವಂಥದ್ದನ್ನೇ ಕೊಳ್ಳಿ. ಗ್ರೂವ್‌ನ ಕೊಳೆಯನ್ನು ಸ್ಕ್ರೂಡ್ರೈವರ್‌ನಿಂದ ಕೆರೆದರೆ ಗೀರು ಬಿದ್ದು, ಅದೇ ಎಣ್ಣೆಗೆ ದಾರಿಯಾಗುತ್ತದೆ. ಮರದ ಕಡ್ಡಿ ಬಳಸಿ. ಕವರನ್ನು ದಪ್ಪ ಗಾಜಿನ ಮೇಲೆ ಬೋರಲು ಇಟ್ಟು ಅಂಚಿನ ಸುತ್ತ ನೋಡಿ. ಸಂದಿನಲ್ಲಿ ಬೆಳಕು ಕಂಡರೆ, ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ, ಕೈ ಒತ್ತದೆ ಕವರನ್ನು ಸುತ್ತಿಸುತ್ತಾ ಉಜ್ಜಿ. ಸೀಲ್ ಜಾರದ ಹಾಗೆ ಗ್ರೂವ್‌ಗೆ ತೆಳುವಾಗಿ ಗ್ರೀಸ್ ಸವರಿ, ಸೀಲನ್ನು ಒಂದೇ ಕಡೆಯಿಂದ ಎಳೆಯದೆ, ಮೇಲೆ, ಕೆಳಗೆ, ಎರಡೂ ತುದಿಗೆ ಮೊದಲು ಕೂರಿಸಿ, ಆಮೇಲೆ ಮಧ್ಯದ್ದನ್ನು ಒತ್ತಿ. ಕವರ್ ಸೇರಿಸುವಾಗ ಕೆಳ ಅಂಚಿನ ಮೇಲೆ ಕಣ್ಣಿರಲಿ. ಸೀಲ್ ಅಲ್ಲಿ ಜಾರಿದರೆ ಮೇಲಿನಿಂದ ಕಾಣುವುದೇ ಇಲ್ಲ.

ಸಿಲಿಕಾನ್ ಟ್ಯೂಬ್ ಮುಟ್ಟಬೇಡಿ. ಒಳಗೆ ಹಿಂಡಿಕೊಂಡ ತುಣುಕು ಕಿತ್ತು ಕ್ಲಚ್ ಕಡೆ ಸೇರುತ್ತದೆ. ಸರಿಯಾಗಿ ಕೂತ ಸೀಲ್‌ಗೆ ಅದರ ಅಗತ್ಯವೇ ಇಲ್ಲ. ನಟ್‌ನ ವಾಷರ್ ಹೊಸದು ಹಾಕಿ, ಕವರ್ ಸುತ್ತಲೂ ಕೂತ ಮೇಲೆ ಸ್ವಲ್ಪ ಬಿಗಿ ಮಾಡಿದರೆ ಸಾಕು. ಆಲ್ಟರ್ನೇಟರ್ (ಕರೆಂಟ್ ಮಾಡುವ ಭಾಗ) ಇರುವ ಗಾಡಿಯಾದರೆ ವೈರ್ ಹೊರಬರುವ ರಬ್ಬರ್ ಗ್ರೋಮೆಟನ್ನೂ ನೋಡಿ. ಅಲ್ಲಿಂದ ಸೋರಿದ್ದು ಕೇಸ್ ಹಿಂದೆಯೇ ಹರಿದು, ಕೆಳಗೆ ಅಂಚಿನ ಸೋರಿಕೆಯ ಹಾಗೇ ಕಾಣುತ್ತದೆ.

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ ನೇರ ನಿಂತಿರಲಿ. ಚೈನ್ ಕೇಸ್‌ಗೆ ಸುಮಾರು 420 ಮಿ.ಲೀ. ಎಣ್ಣೆ ಬೇಕಾಗುತ್ತದೆ, ಆದರೆ ಕಡೆಯ ಮಾತು ಲೆವೆಲ್ ಸ್ಕ್ರೂನದ್ದು. ಅದನ್ನು ಬಿಚ್ಚಿಟ್ಟು, ಎಣ್ಣೆ ತೂತಿನಿಂದ ಹನಿಯುವ ತನಕ ಹಾಕಿ, ನಿಂತ ಮೇಲೆ ಮುಚ್ಚಿ. ಹೆಚ್ಚು ತುಂಬಿದರೆ ಅದೂ ಸೋರಿಕೆಯೇ. ಕಾರಿನ ಎಣ್ಣೆ ಬೇಡ, ಅದರಲ್ಲಿನ ಜಾರುಗುಣದ ರಾಸಾಯನಿಕಗಳಿಂದ ಕ್ಲಚ್ ಜಾರಬಹುದು. ಬೈಕ್‌ಗೆಂದೇ ಮಾಡಿದ್ದನ್ನು ಹಾಕಿ.

ಕೊನೆಗೆ ಮತ್ತೆ ತೊಳೆದು, ಪೌಡರ್ ಹಾಕಿ, ಓಡಿಸಿ ನೋಡಿ. ಈಗಲೂ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನ್ ಕಡೆ ಒದ್ದೆಯಿದ್ದರೆ, ಗೇರ್‌ಬಾಕ್ಸ್‌ಗೆ ಯಾರೋ ಬರೀ ತೆಳು ಎಣ್ಣೆ ತುಂಬಿರಬಹುದು. ಅದರ ಮುಚ್ಚಳ ತೆಗೆದು ಅಲ್ಲಿಂದ ಶುರು ಮಾಡಿ.