ಮೊದಲು ಪರ್ಸೆಂಟ್ ಬರಿ, ಆಮೇಲೆ ರೇಟ್ ನೋಡು

ಪಂಜರದೊಳಗಿನ ಕಾಳಗಗಳ ಮೇಲೆ ಕಟ್ಟಿದ್ದನ್ನೆಲ್ಲ ಬರೆದಿಡುವ ನನ್ನ ಬಾಜಿ ಪುಸ್ತಕದ ಮೊದಲ ಪುಟದಲ್ಲಿ ಈ ಒಂದೇ ಸಾಲು ಇದೆ. ಮಗಳ ಹಳೆಯ ಶಾಲೆ ಪುಸ್ತಕ ಅದು. ಹಿಂದಿನ ಪುಟಗಳಲ್ಲಿ ಇನ್ನೂ ಅವಳ ಗುಣಾಕಾರ ಇದೆ.

ನಾನು ದಾವಣಗೆರೆಯವನು, ಈಗಿರುವುದು ಮ್ಯಾಂಚೆಸ್ಟರ್‌ನಲ್ಲಿ. ಇಲ್ಲಿ ಬಾಜಿಗೆ ಕಾನೂನಿನ ಒಪ್ಪಿಗೆ ಇದೆ. ಲೈಸೆನ್ಸ್ ಇರುವ ಬುಕ್ಕಿ ಅಂಗಡಿಗಳು ಬೇಕರಿ ಪಕ್ಕದಲ್ಲೇ ಬೋರ್ಡ್ ಹಾಕಿಕೊಂಡು ಕೂತಿರುತ್ತವೆ. ಭಾರತದಲ್ಲಿ 2025ರ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಹಾಗಾಗಿ ರಜೆಗೆ ಊರಿಗೆ ಬಂದಾಗ ನಾನು ಆ್ಯಪ್ ಮುಟ್ಟುವುದಿಲ್ಲ. ಊರಿನ ಗೆಳೆಯರು ಫೋನ್ ಮಾಡಿ 'ಯಾರ ಮೇಲೆ ಹಾಕ್ಲೋ' ಅಂದರೆ ಹೇಳುವುದೂ ಇಲ್ಲ.

ಶುರುವಾಗಿದ್ದು 2022ರ ಆಗಸ್ಟ್‌ನಲ್ಲಿ. ಯುಎಫ್‌ಸಿ ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಪಂಜರ ಕಾಳಗ ನಡೆಸುವ ಅಮೆರಿಕದ ಕಂಪನಿ, ಅದರ ಕೂಟಗಳಿಗೆ ನಂಬರ್ ಇರುತ್ತದೆ. ಅವತ್ತಿನದು ಯುಎಫ್‌ಸಿ 278, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಕಮಾರು ಉಸ್ಮಾನ್ ಚಾಂಪಿಯನ್, ಎದುರಾಳಿ ಬರ್ಮಿಂಗ್‌ಹ್ಯಾಮ್‌ನ ಲಿಯಾನ್ ಎಡ್ವರ್ಡ್ಸ್. ಉಸ್ಮಾನ್ ಮೇಲೆ 20 ಪೌಂಡ್ ಕಟ್ಟಿದೆ. ಇಲ್ಲಿ ಆಗ ಭಾನುವಾರ ಬೆಳಗಿನ ಜಾವ. ನಾಲ್ಕು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಹಾಳೆಯಲ್ಲೂ ಉಸ್ಮಾನ್ ಮುಂದಿದ್ದ. ಐದನೇ ಸುತ್ತಿನಲ್ಲಿ ಇನ್ನೊಂದು ನಿಮಿಷವೂ ಉಳಿದಿರಲಿಲ್ಲ. ಎಡ್ವರ್ಡ್ಸ್‌ನ ಎಡಗಾಲು ಉಸ್ಮಾನ್ ತಲೆಗೆ ಬಡಿಯಿತು. ಅಷ್ಟೇ. ನನ್ನ ಕೈಯಲ್ಲಿದ್ದ ಟೀ ಹಾಗೇ ತಣ್ಣಗಾಯಿತು.

ಆ ಬಾಜಿ ತಪ್ಪಲ್ಲ ಅಂತ ಈಗಲೂ ಅನ್ನಿಸುತ್ತದೆ. ತಪ್ಪು ಆಗಿದ್ದು ಏಳು ತಿಂಗಳ ನಂತರ. 2023ರ ಮಾರ್ಚ್‌ನಲ್ಲಿ ಲಂಡನ್‌ನ ಓ2 ಸಭಾಂಗಣದಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಹೋದ 20 ಪೌಂಡ್ ವಾಪಸ್ ಬರಬೇಕು ಅಂತ ಉಸ್ಮಾನ್ ಮೇಲೇ 60 ಹಾಕಿದೆ. ಬೇಲಿ ಹಿಡಿದದ್ದಕ್ಕೆ ಎಡ್ವರ್ಡ್ಸ್‌ಗೆ ಒಂದು ಅಂಕ ಕಳೆದಾಗ ಸೋಫಾದಿಂದ ಹಾರಿದ್ದೆ. ಒಬ್ಬ ತೀರ್ಪುಗಾರ ಸಮ ಅಂದ. ಇನ್ನಿಬ್ಬರು ಎಡ್ವರ್ಡ್ಸ್‌ಗೆ ಕೊಟ್ಟರು. ನನ್ನ ಚಿಕ್ಕಪ್ಪ ಓಸಿ ಆಡುತ್ತಿದ್ದ ಕಾಲದಲ್ಲಿ ನಮ್ಮಜ್ಜಿ ಬೈಯುತ್ತಿದ್ದದ್ದು ಹೀಗೆ: 'ಹೋದ ದುಡ್ಡು ಹುಡುಕ್ಕೊಂಡು ಹೋಗ್ಬೇಡ್ವೋ, ಇರೋದೂ ಹೋಗುತ್ತೆ.' ಅವತ್ತು ಆ ಮಾತು ಕಿವಿಯಲ್ಲಿ ಕೇಳಿಸಿದ ಹಾಗಾಯಿತು.

ಮಾರನೇ ವಾರ ಪುಸ್ತಕ ಶುರು ಮಾಡಿದೆ. ವರ್ಷಕ್ಕೆ 300 ಪೌಂಡ್ ಅಂತ ಬೇರೆ ತೆಗೆದಿಟ್ಟೆ. ಪೂರ್ತಿ ಹೋದರೂ ಮನೆ ಬಾಡಿಗೆಗೆ, ಮಗಳ ಫೀಸಿಗೆ ತೊಂದರೆ ಆಗದ ದುಡ್ಡು. ಒಂದು ಬಾಜಿಗೆ 5 ಪೌಂಡ್, ಎಷ್ಟೇ ನಂಬಿಕೆ ಇದ್ದರೂ 5. ಆ್ಯಪ್‌ನಲ್ಲಿ ತಿಂಗಳ ಮಿತಿಯನ್ನೂ ಹಾಕಿದೆ. ಇಲ್ಲಿನ ನಿಯಮ ನನಗೆ ಇಷ್ಟ: ಮಿತಿ ಇಳಿಸಿದರೆ ತಕ್ಷಣ ಇಳಿಯುತ್ತದೆ, ಏರಿಸಬೇಕಾದರೆ ಒಂದು ದಿನ ಕಾಯಬೇಕು. ರಾತ್ರಿ ಮೂರು ಗಂಟೆಯ ತಲೆಗೆ ಆ ಒಂದು ದಿನ ಬೇಕೇ ಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಬಾಜಿ ಕಟ್ಟುವುದನ್ನು ಬ್ರಿಟನ್ನಿನಲ್ಲಿ 2020ರಲ್ಲೇ ನಿಲ್ಲಿಸಿದ್ದಾರೆ. ನನ್ನಂಥವನಿಗೆ ಅದೂ ಒಳ್ಳೆಯದೇ ಆಯಿತು.

ಇನ್ನು ಪರ್ಸೆಂಟ್ ವಿಷಯ. ರೇಟ್ ಅಂದರೆ ಗೆದ್ದಾಗ ಒಂದು ಪೌಂಡಿಗೆ ಒಟ್ಟು ವಾಪಸ್ ಬರುವ ದುಡ್ಡು. ಒಬ್ಬನ ರೇಟ್ 1.50, ಎದುರಾಳಿಯದು 2.60 ಅಂತ ಇಟ್ಟುಕೊಳ್ಳಿ. 100ನ್ನು ರೇಟಿನಿಂದ ಭಾಗಿಸಿದರೆ ಬುಕ್ಕಿ ಲೆಕ್ಕದಲ್ಲಿ ಗೆಲ್ಲುವ ಪರ್ಸೆಂಟ್ ಸಿಗುತ್ತದೆ. ಮೊದಲನೆಯವನಿಗೆ 66.7, ಎರಡನೆಯವನಿಗೆ 38.5. ಕೂಡಿದರೆ ಸುಮಾರು 105. ಇಬ್ಬರಲ್ಲಿ ಒಬ್ಬ ಗೆಲ್ಲುವ ಅವಕಾಶ 100ಕ್ಕಿಂತ ಜಾಸ್ತಿ ಹೇಗಾಗುತ್ತದೆ? ಮೇಲಿನ 5 ಬುಕ್ಕಿಯ ಪಾಲು. ಅದನ್ನು ದಾಟಿದರೆ ಮಾತ್ರ ನನಗೆ ಏನಾದರೂ ಸಿಗುವುದು. ಹಾಗಾಗಿ ಗುರುವಾರ ರಾತ್ರಿ ರೇಟ್ ನೋಡದೆ ಕೂತು, ಒಂದೊಂದು ಕಾಳಗಕ್ಕೂ ನನ್ನ ಪರ್ಸೆಂಟ್ ಬರೆಯುತ್ತೇನೆ. ಶುಕ್ರವಾರ ಕಾಳಗದವರ ತೂಕ ಹಾಕಿದ ಮೇಲೆ ರೇಟ್ ತೆಗೆಯುತ್ತೇನೆ. ನನ್ನ ಅಂದಾಜು ರೇಟಿನಿಂದ ಬಂದ ಪರ್ಸೆಂಟಿಗಿಂತ ಕನಿಷ್ಠ 5 ಮುಂದಿದ್ದರೆ ಕಟ್ಟುವುದು. ಇಲ್ಲದಿದ್ದರೆ ಸುಮ್ನೆ ನೋಡುವುದು. ರೇಟ್ ಮೊದಲೇ ನೋಡಿಬಿಟ್ಟರೆ ನನ್ನ ಅಂದಾಜು ತಾನಾಗಿ ಅದರ ಹತ್ತಿರ ಹೋಗಿ ಕೂರುತ್ತದೆ. ಎರಡು ಮೂರು ಸಲ ಪರೀಕ್ಷೆ ಮಾಡಿದ್ದೇನೆ.

ತೂಕದವರೆಗೂ ಕಾಯುವುದಕ್ಕೆ ಕಾರಣ ಇದೆ. ತಮ್ಮ ತೂಕದ ವರ್ಗದ ಮಿತಿಯೊಳಗೆ ಬರಲಿ ಅಂತ ಮೈಯಿಂದ ನೀರು ಬಸಿದು ತೂಕ ಇಳಿಸುತ್ತಾರೆ. ಕೆಲವರು ತಕ್ಕಡಿ ಮೇಲೆ ನಿಂತಾಗ ಕೆನ್ನೆ ಒಳಗೆ ಹೋಗಿ ಕಣ್ಣು ಗುಳಿ ಬಿದ್ದಿರುತ್ತದೆ. ಅಂಥವರು ಮೂರನೇ ಸುತ್ತಿಗೆ ಸುಸ್ತಾಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಕೊನೇ ಗಳಿಗೆಯಲ್ಲಿ ಎದುರಾಳಿ ಬದಲಾದರೆ ಹಳೆಯ ಅಂದಾಜಿಗೆ ಅಡ್ಡಗೆರೆ ಎಳೆಯುತ್ತೇನೆ. ಪಂಜರದ ಅಳತೆಯನ್ನೂ ನೋಡುತ್ತೇನೆ. ಲಾಸ್ ವೇಗಸ್‌ನಲ್ಲಿ ಯುಎಫ್‌ಸಿಯದೇ ಸಣ್ಣ ಸಭಾಂಗಣವಾದ ಏಪೆಕ್ಸ್‌ನಲ್ಲಿ ಅದು 25 ಅಡಿ, ದೊಡ್ಡ ಸಭಾಂಗಣಗಳಲ್ಲಿ 30. ಓಡಾಡಿ ಹೊಡೆಯುವವನಿಗೆ ಆ ಐದಡಿ ದೊಡ್ಡದು.

ನನ್ನ ಕಣ್ಣಿಗೆ ಒಂದು ದೋಷ ಇತ್ತು, ಅದು ಊರಿಂದಲೇ ಬಂದದ್ದು. ಗರಡಿ ಮನೆಯ ಮಣ್ಣಿನಲ್ಲಿ ಕುಸ್ತಿ ನೋಡಿ ಬೆಳೆದವನು ನಾನು. ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಎದುರಾಳಿಯನ್ನು ಕೆಡವುವವನಿಗೆ ಯಾವಾಗಲೂ ಜಾಸ್ತಿ ಪರ್ಸೆಂಟ್ ಕೊಡುತ್ತಿದ್ದೆ. ಪಂಜರದಲ್ಲಾದರೆ ಕೆಳಗೆ ಬಿದ್ದವನ ಆಟ ಆಗ ಶುರುವಾಗಬಹುದು! 2010ರಲ್ಲಿ ಸ್ಯಾನ್ ಹೋಸೆಯಲ್ಲಿ, ಹೆಚ್ಚುಕಡಿಮೆ ಹತ್ತು ವರ್ಷ ಸೋಲೇ ಕಾಣದ ಫೆಡೋರ್ ಎಮೆಲಿಯಾನೆಂಕೊ, ಕೆಳಗೆ ಮಲಗಿದ್ದ ಫ್ಯಾಬ್ರಿಸಿಯೊ ವೆರ್ದೂಮ್ ಮೇಲೆ ಗುದ್ದಲು ನುಗ್ಗಿದ. ವೆರ್ದೂಮ್ ಕಾಲಿನಲ್ಲೇ ಕತ್ತರಿ ಹಾಕಿ ಅವನ ಕುತ್ತಿಗೆ, ಕೈ ಎರಡನ್ನೂ ಸಿಕ್ಕಿಸಿದ. ಒಂದು ನಿಮಿಷ 9 ಸೆಕೆಂಡಿಗೆ ಫೆಡೋರ್ ಸೋಲೊಪ್ಪಿದ. ಆ ವಿಡಿಯೊ ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಈಗ ಕೆಡವುವವನ ಜೊತೆಗೆ ಕೆಳಗಿನವನ ಪಟ್ಟುಗಳನ್ನೂ ಬರೆದುಕೊಳ್ಳುತ್ತೇನೆ.

ನಾಲ್ಕೈದು ಜನರನ್ನು ಒಂದೇ ಚೀಟಿಗೆ ಸೇರಿಸಿ ಕಟ್ಟುವುದನ್ನಂತೂ ಬಿಟ್ಟೇಬಿಟ್ಟೆ. 'ಐವರೂ ಗ್ಯಾರಂಟಿ' ಅನ್ನಿಸುತ್ತದೆ, ಅಲ್ವಾ? ಒಬ್ಬೊಬ್ಬನಿಗೂ 80 ಪರ್ಸೆಂಟ್ ಇದ್ದರೂ ಐವರೂ ಗೆಲ್ಲುವ ಅವಕಾಶ 33 ಮಾತ್ರ. ಮೂರು ಚೀಟಿಯಲ್ಲಿ ಎರಡು ಹರಿಯುತ್ತವೆ. ಬುಕ್ಕಿಯ ಪಾಲು ಐದು ಸಲ ಒಂದರ ಮೇಲೊಂದು ಕೂರುತ್ತದೆ. ಇಂಥ ಚೀಟಿ ಕಟ್ಟಿ ಅಂತಲೇ ಆ್ಯಪ್ ದಿನಾ ಮೆಸೇಜ್ ಕಳಿಸುವುದು.

ಇಷ್ಟೆಲ್ಲ ಬರೆದವನು 2024ರ ಜುಲೈನಲ್ಲಿ ಏನು ಮಾಡಿದೆ ಕೇಳಿ. ಯುಎಫ್‌ಸಿ 304 ನಮ್ಮ ಮ್ಯಾಂಚೆಸ್ಟರ್‌ಗೇ ಬಂತು. ಅಮೆರಿಕದ ಟಿವಿಗೆ ಹೊಂದಲಿ ಅಂತ ಮುಖ್ಯ ಕಾಳಗಗಳು ರಾತ್ರಿ ಮೂರಕ್ಕೆ. ಎಡ್ವರ್ಡ್ಸ್ ಎದುರು ಬೆಲಾಲ್ ಮೊಹಮ್ಮದ್. ಪುಸ್ತಕದಲ್ಲಿ ಎಡ್ವರ್ಡ್ಸ್‌ಗೆ 60 ಬರೆದಿದ್ದೆ. ರೇಟ್ ನೋಡಿದರೆ ಅವನಿಗೆ ಅದಕ್ಕಿಂತ ಜಾಸ್ತಿ ಅವಕಾಶ ಕೊಟ್ಟಿದ್ದರು. ಅಂದರೆ ಕಟ್ಟಬಾರದು. ಸುತ್ತ ಎಲ್ಲರೂ ಕೂಗುತ್ತಿದ್ದರು, ಎರಡು ಸಲ ಅವನ ವಿರುದ್ಧ ಕಟ್ಟಿ ಸುಟ್ಟುಕೊಂಡ ನೆನಪೂ ಇತ್ತು. ಕಟ್ಟಿಬಿಟ್ಟೆ. ಬೆಲಾಲ್ ಅವನನ್ನು ಮತ್ತೆ ಮತ್ತೆ ಕೆಡವಿ ಐದು ಸುತ್ತು ಆಡಿಸಿ ಗೆದ್ದ. ಪುಣ್ಯಕ್ಕೆ ಹೋದದ್ದು 5 ಪೌಂಡ್. ಬೆಳಕು ಹರಿದ ಮೇಲೆ ಹೊರಗೆ ಬಂದು, ಗಾಡಿಯಲ್ಲಿ ಕೂತು ಪುಸ್ತಕದಲ್ಲಿ 'ಕೂಗಾಟಕ್ಕೆ ಕಟ್ಟಿದ್ದು' ಅಂತ ಬರೆದೆ.

ಆ ವರ್ಷ ಒಟ್ಟು 23 ಬಾಜಿ, 11 ಗೆಲುವು. 300 ಇದ್ದದ್ದು ಡಿಸೆಂಬರಿನಲ್ಲಿ 287. ಹದಿಮೂರು ಪೌಂಡಿಗೆ ವರ್ಷಪೂರ್ತಿ ಕಾಳಗ ನೋಡಿದ ಹಾಗಾಯಿತು ಅಂತ ಹೆಂಡತಿಗೆ ಹೇಳಿದೆ. ಅವಳು ಪುಸ್ತಕ ಇಸಿದುಕೊಂಡು ಕೂಡಿಸಿ ನೋಡಿದಳು. ಲೆಕ್ಕ ಸರಿ ಇತ್ತು. 'ಗಾಡಿ ಪಾರ್ಕಿಂಗ್ ಇದರಲ್ಲಿ ಸೇರಿಲ್ವಲ್ರೀ' ಅಂದಳು.