ಬುಧವಾರ ಸಂಜೆ ಖಾಲಿ ಇಟ್ಕೊಂಡ ಕಥೆ

ನಂದು ಬೆಂಗಳೂರಲ್ಲಿ ಐಟಿ ಕೆಲಸ, ಟೀಮ್‌ನ ಅರ್ಧ ಜನ ನ್ಯೂಯಾರ್ಕಲ್ಲಿ. ಅವ್ರ ಬೆಳಗ್ಗೆ 9 ಗಂಟೆ ಅಂದ್ರೆ ನಮಗೆ ಸಂಜೆ ಆರೂವರೆ, ನವೆಂಬರಲ್ಲಿ ಅವ್ರು ಗಡಿಯಾರ ಹಿಂದಕ್ಕೆ ತಿರುಗಿಸಿದ್ಮೇಲೆ ಏಳೂವರೆ, ಅಂದ್ರೆ ಮನೇಲಿ ಕುಕ್ಕರ್ ಕೂಗೋ ಹೊತ್ತಿಗೆ ಸರಿಯಾಗಿ ಕಾಲ್. ಮನಸ್ಸಿಗೆ ಬಂದಿದ್ದು ಮಾಡೋಕೆ ವಾರಕ್ಕೊಂದು ಸಂಜೆ ನಂಗೇ ಅಂತ ಬೇಕಿತ್ತು. ಬಿಡುವು ಸಿಕ್ಕಾಗ ನೋಡೋಣ ಅಂತ ಕೂತ್ರೆ ಈ ಕೆಲಸದಲ್ಲಿ ಅದು ಸಿಗೋದೇ ಇಲ್ಲ, ಅದಕ್ಕೆ ಬುಧವಾರ ಸಂಜೆ ಐದೂವರೆ ಮೇಲೆ ಕ್ಯಾಲೆಂಡರಲ್ಲಿ ಬಿಜಿ ಅಂತ ಬ್ಲಾಕ್ ಹಾಕ್ಬಿಟ್ಟೆ. ಕಾರಣ ಹೇಳ್ಲಿಲ್ಲ, ಆವತ್ತಿನ ಅಪ್‌ಡೇಟ್ ಮಧ್ಯಾಹ್ನಾನೇ ಬರೆದು ಕಳಿಸ್ತೀನಿ ಅಂದೆ ಅಷ್ಟೇ. ಯಾರೂ ಏನೂ ಕೇಳ್ಲಿಲ್ಲ. (ನಾನಿಲ್ದೇನೂ ಕಾಲ್ ಆರಾಮಾಗಿ ನಡಿಯುತ್ತೆ ಅನ್ನೋದು ಸ್ವಲ್ಪ ಬೇಜಾರಿನ ವಿಷ್ಯಾನೇ!)

ಆಫೀಸಿಗಿಂತ ಮನೇದೇ ಕಷ್ಟ. ಖಾಲಿ ಇದಾಳೆ ಅಂತ ಗೊತ್ತಾದ್ರೆ ಸಾಕು, "ಹೇಗೂ ಫ್ರೀ ಇದೀಯಲ್ಲ, ಟೈಲರ್ ಹತ್ರ ಬ್ಲೌಸ್ ತಗೊಂಡ್ಬಾಮ್ಮ" ಅಂತ ಅತ್ತೆ, "ಪಾಪುಗೆ ಕಟಿಂಗ್ ಮಾಡಿಸ್ಬಿಡು" ಅಂತ ಇವ್ರು. "ರೀ, ಶನಿವಾರದ ಲಿಸ್ಟಿಗೆ ಬರೀರಿ" ಅಂತ ಹೇಳಿ ಹೇಳಿ ರೂಢಿ ಮಾಡಿಸಿದೀನಿ, ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟೀಲಿ ಬಾಕಿ ಕೆಲಸ ಎಲ್ಲಾ ಇರುತ್ತೆ. ವೀಣೆ ಕ್ಲಾಸ್ ಸೇರ್ಲಾ ಅಂತ ನಂಗೂ ಆಸೆ ಆಯ್ತು, ಸೇರ್ಲಿಲ್ಲ. ಫೀಸ್ ಕಟ್ಟಿದ್ಮೇಲೆ ಅದೂ ಇನ್ನೊಂದು ಅಟೆಂಡೆನ್ಸೇ.

ಆಮೇಲೆ ಊಟ. ಮನಸ್ಸು ಬಂದ ತಕ್ಷಣ ಎದ್ದು ಹೋಗ್ಬೇಕಂದ್ರೆ ರಾತ್ರಿಗೇನು ಅನ್ನೋ ಚಿಂತೆ ಇರ್ಬಾರ್ದು. ಮಂಗಳವಾರ ರಾತ್ರೀನೇ ದೋಸೆ ಹಿಟ್ಟು ರುಬ್ಬಿಟ್ಟಿರ್ತೀನಿ, ಚಟ್ನಿಪುಡಿ ಡಬ್ಬೀಲಿ ಇದ್ದೇ ಇರುತ್ತೆ, ಹಸಿವಾದವ್ರು ಅವರವ್ರೇ ಹುಯ್ಕೋತಾರೆ.

ಹೋಗೋದೆಲ್ಲಿಗೆ ಅಂದ್ರೆ, ಅದನ್ನ ಮೊದ್ಲೇ ಯೋಚ್ನೆ ಮಾಡಲ್ಲ. ಒಂದ್ಸಲ ಆರು ಗಂಟೆಗೆ ನೆನಪಾಗಿ ರಂಗಶಂಕರಕ್ಕೆ ನಾಟಕ ನೋಡೋಕೆ ಓಡಿದೆ, ಅಲ್ಲಿ 7.30 ಅಂದ್ರೆ 7.30, ಲೇಟಾದ್ರೆ ಒಳಗೆ ಬಿಡಲ್ಲ, ಟ್ರಾಫಿಕ್ ನಂಬ್ದೆ ಮೆಟ್ರೋ ಹಿಡಿದಿದ್ದಕ್ಕೆ ಬಚಾವ್. ಜನವರೀಲಿ ಒಂದಿನ ಚಪ್ಪಲಿ ಹಾಕ್ಕೊಂಡು ಗೇಟ್ ದಾಟೋಷ್ಟ್ರಲ್ಲಿ ಪಕ್ಕದ್ಮನೆ ಆಂಟಿ ಕರೆದ್ರು, ದೊಡ್ಡ ಬೇಸಿನ್ ತುಂಬ ನೆನೆಸಿದ ಅವರೆಕಾಳು, "ಬಾಮ್ಮ, ಎರಡು ಹಿಡಿ ಹಿತುಕಿ ಹೋಗು". ಕೂತೆ. ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಒತ್ತಿದ್ರೆ ಬೇಳೆ ಪುಳಕ್ಕಂತ ಹಾರುತ್ತೆ, ಆಂಟೀದು ನೆಟ್ಟಗೆ ಪಾತ್ರೆಗೆ, ನಂದು ಅರ್ಧ ಸೋಫಾ ಕೆಳಗೆ. ಅವ್ರು ಮೂರು ಮದುವೆ, ಒಂದು ಆಸ್ತಿ ಜಗಳದ ಕಥೆ ಮುಗಿಸೋ ಹೊತ್ತಿಗೆ ಎಂಟೂವರೆ, ಬೆರಳೆಲ್ಲ ಸೊಗಡು ವಾಸನೆ, ಕೈಗೆ ಒಂದು ಡಬ್ಬಿ ಹಿತಕಬೇಳೆ ಬೇರೆ ಕೊಟ್ರು.

ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇರೋ ವಾರ ಇದೆಲ್ಲ ನಡಿಯಲ್ಲ, ಆಗ ಬ್ಲಾಕ್ ಡಿಲೀಟ್ ಮಾಡದೆ ಗುರುವಾರಕ್ಕೆ ಎಳೀತೀನಿ. ಏನೂ ತೋಚದೆ ಸುಮ್ನೆ ಮಲಗಿ ಫ್ಯಾನ್ ನೋಡಿದ್ದೂ ಇದೆ, ಇವ್ರಿಗೆ ಅದು ದಂಡ ಅನ್ಸುತ್ತೆ, ನಂಗೇನೂ ಅನ್ಸಲ್ಲ. ಈಗ ತಮಗೂ ಒಂದು ಸಂಜೆ ಬೇಕು, ಶುಕ್ರವಾರ ಕೊಡು ಅಂತಿದಾರೆ. ಗುರುವಾರ ಹಿಟ್ಟು ನೀವೇ ರುಬ್ಬಿದ್ರೆ ಆಯ್ತು ಅಂದಿದೀನಿ.